ಜ್ವರದವರಿಗೆ ಬ್ರೆಡ್ಡು

ಬೇಕರಿಯ ಬ್ರೆಡ್ಡಿನ ವಾಸನೆ ಬಂದರೆ ನನಗೆ ಈಗಲೂ ಜೀಪಿನ ಒದ್ದೆ ಟಾರ್ಪಾಲು ನೆನಪಾಗುತ್ತದೆ.

ಆ ಬೆಳಿಗ್ಗೆ ಕಾಪುವಿನ ಮನೆಯಲ್ಲಿ ಅಜ್ಜಿ ತೀರಿಕೊಂಡಿದ್ದರು. ಅಜ್ಜ ಕಾರ್ಕಳದಾಚೆಯ ಗುಡ್ಡದಲ್ಲಿದ್ದರು. ಗೇರುಬೀಜದ ಕಾಲ ಮುಗಿಯುವವರೆಗೆ ಅಲ್ಲಿನ ಗುಡಿಸಲಿನಲ್ಲೇ ಅವರ ಕಾವಲು. ಕರೆತರಲು ಹೊರಟ ಮಾವ ನನ್ನನ್ನೂ ಜೀಪಿಗೆ ಹತ್ತಿಸಿಕೊಂಡರು. ಮಗು ಜೊತೆಗಿದ್ದರೆ ಅಜ್ಜನಿಗೆ ಸಂಶಯ ಬರುವುದಿಲ್ಲವೆಂದು ಹಿರಿಯರು ಹೇಳಿದ್ದರು.

"ಅಜ್ಜಿಗೆ ಸ್ವಲ್ಪ ಜ್ವರ ಉಂಟು. ಅಷ್ಟೇ ಹೇಳು, ಆಯ್ತಾ?" ಎಂದರು ಮಾವ.

ದಾರಿಯುದ್ದಕ್ಕೂ ಗುಡುಗು, ಗಾಳಿ, ಮಳೆ. ಗುಡ್ಡದ ರಸ್ತೆಗೆ ಬಿದ್ದಿದ್ದ ಕೊಂಬೆಯನ್ನು ಮಾವ ಒಬ್ಬರೇ ಎಳೆದು ಬದಿಗೆ ಹಾಕಿದರು. ಗುಡಿಸಲಿನಲ್ಲಿ ಅಜ್ಜ ಗೇರುಬೀಜ ಸುಡುತ್ತಿದ್ದರು. ಹೊಗೆಗೆ ಕಣ್ಣು ಉರಿಯುತ್ತಿತ್ತು. ಅಜ್ಜಿಗೆ ಜ್ವರವೆಂದು ನಾನು ಹೇಳಿದೆ. ಅವರು ಬೆಂಕಿ ಆರಿಸಿ, ಅಂಗಿ ತೊಟ್ಟು, ಬಂದು ಜೀಪಿನಲ್ಲಿ ಕೂತರು.

ಕುಕ್ಕುಂದೂರಿಗೆ ಬಂದಾಗ, "ಒಂದು ಬ್ರೆಡ್ಡು ತಗೊಳ್ಳುವ. ಜ್ವರದವರಿಗೆ ಒಳ್ಳೆಯದು" ಎಂದರು ಅಜ್ಜ. ಮಾವ ಮಳೆಯಲ್ಲೇ ಇಳಿದು ಹೋದರು.

ಅಜ್ಜ ನನ್ನ ಕಡೆ ತಿರುಗಿದರು. "ಮನೆಗೆ ಯಾರೆಲ್ಲ ಬಂದಿದ್ದಾರೆ ಮಗಾ?"

"ಪೆರ್ಡೂರಿನ ದೊಡ್ಡಮ್ಮ, ಎಲ್ಲೂರಿನವರು, ಎಲ್ಲರೂ ಬಂದಿದ್ದಾರೆ" ಎಂದೆ.

ಅವರು ಬೇಕರಿಯ ಕಡೆ ನೋಡಿದರು. ಅಂಗಡಿಯ ಮಾಡಿನ ಕೆಳಗೆ ಮಾವ ತೋಳಿನಿಂದ ಮುಖ ಒರೆಸಿಕೊಳ್ಳುತ್ತ ತುಂಬ ಹೊತ್ತು ನಿಂತಿದ್ದರು. ಅದು ನಮ್ಮಿಬ್ಬರಿಗೂ ಕಾಣುತ್ತಿತ್ತು.

ಮಾವ ತಂದ ಬ್ರೆಡ್ಡನ್ನು ಅಜ್ಜ ಒದ್ದೆಯಾಗದ ಹಾಗೆ ಅಂಗಿಯೊಳಗೆ ಇಟ್ಟುಕೊಂಡು, ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದರು.

"ನಿಧಾನ ಹೋಗು ಮಾರಾಯ. ಇನ್ನು ಅರ್ಜೆಂಟ್ ಎಂತ ಇಲ್ಲ" ಎಂದರು.