ನದಿಯ ಈಚೆಯ ಇಲಿ

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ದಿನವೇ ಅವರ ಶಿಷ್ಯೆ ಮಣ್ಣು ತುಂಬಿದ ಗಾಜಿನ ಪೆಟ್ಟಿಗೆಯೊಂದನ್ನು ಹೊತ್ತು ಮನೆಗೆ ಬಂದಳು. ಒಳಗೆ ಮೇಷ್ಟ್ರು ವರ್ಷಗಟ್ಟಲೆ ಅಧ್ಯಯನ ಮಾಡುತ್ತಿದ್ದ ಜಾತಿಯ, ಬಿಲ ತೋಡುವ ಹೆಣ್ಣಿಲಿಯೊಂದಿತ್ತು.

“ಬಂದಳಾ ನನ್ನ ಸವತಿ!” ಎಂದರು ಮೇಷ್ಟ್ರ ಹೆಂಡತಿ, ಇಲಿಯತ್ತ ನೋಡಿ. “ಜೀವಮಾನವೆಲ್ಲ ಅವರನ್ನ ಇವಳಿಗೇ ಬಿಟ್ಟುಕೊಟ್ಟೆ. ಈಗ ಇವಳನ್ನೂ ನಾನೇ ಸಾಕಬೇಕಾ? ನದಿ ಆಚೆ ಇವಳ ಬಳಗ ಇದೆಯಲ್ಲ, ಬಿಟ್ಟು ಬಾ.”

“ಅವು ಇದರ ಬಳಗ ಅಲ್ಲಮ್ಮ. ನೋಡೋಕೆ ಒಂದೇ ಥರ. ಆದ್ರೆ ನಡುವೆ ನದಿ ಹರಿದು ಸಾವಿರಾರು ವರ್ಷ ಆಯ್ತು, ವಂಶವೇ ಬೇರೆಯಾಗಿದೆ. ಇದರ ಜೊತೆ ಕೂಡಲ್ಲ. ಮೇಷ್ಟ್ರು ಕಂಡುಹಿಡಿದಿದ್ದೇ ಅದನ್ನ. ಈಚೆ ದಡದಲ್ಲೋ, ಬರೀ ಕಟ್ಟಡ, ಇದರ ಬಳಗ ಉಳಿದೇ ಇಲ್ಲ.”

“ನನ್ನ, ಅವರ ನಡುವೆ ಇವಳೇ ನದಿ.”

ಆಗ ಇಲಿ ಮಣ್ಣಿನೊಳಗಿಂದ ಬೂದು ಉಣ್ಣೆಯ ತುಂಡೊಂದನ್ನು ಎಳೆದು ಅದರಲ್ಲಿ ಮೂಗು ಹುದುಗಿಸಿತು. ಅದು ಮೇಷ್ಟ್ರ ಸ್ವೆಟರಿನ ತೋಳು. ಮದುವೆಯಾದ ವರ್ಷ ಹೆಂಡತಿಯೇ ಹೆಣೆದದ್ದು. ಆಕೆ ಕಿತ್ತುಕೊಳ್ಳಲು ಕೈ ಹಾಕಿದರು. ಇಲಿ ಕಚ್ಚಲಿಲ್ಲ. ಬೆರಳನ್ನು ಮೂಸಿತು, ಮತ್ತೆ ಉಣ್ಣೆಯನ್ನು ಮೂಸಿತು, ಮತ್ತೆ ಬೆರಳನ್ನು, ಯಾರನ್ನೋ ಹುಡುಕುವಂತೆ.

ಆಕೆ ಆ ತೋಳನ್ನು ಇಲಿಗೇ ಹೊದಿಸಿ ಕಣ್ಣು ಮುಚ್ಚಿದರು.

“ದೇವರೇ, ಅವರ ಆತ್ಮಕ್ಕೆ ಶಾಂತಿ ಕೊಡು. ಇವಳ ಚಿಂತೆ ಬೇಡ, ನಾನಿದ್ದೀನಿ ಅಂತ ಅವರಿಗೆ ಹೇಳು.”