ನವಿಲಿನ ಕತ್ತು

ಶೈಲಜಾ ಸಿ.ಡಿ.ಯನ್ನು ಓಂಕಾರಮೂರ್ತಿಯ ಮೇಜಿನ ಮೇಲೆ ಎಸೆದಳು. “ಇದೂ ದಂಡ ಕಣ್ರಿ! ನವಿಲಿನ ಕತ್ತು ಇದರಾಗೂ ಮುರಿದೈತೆ.”

ಚಳ್ಳಕೆರೆಯ ಆ ಕಂಪ್ಯೂಟರ್ ಅಂಗಡಿಯಲ್ಲಿ ಇದು ಅವಳ ಎರಡನೆಯ ಜಗಳ. ಮೊದಲು ಫ್ಲಾಪಿ ಕೊಟ್ಟು, ಕಲ್ಲಿನಂಗೆ ಇರ್ತದೆ ಎಂದಿದ್ದ. ಆಮೇಲೆ, ಫ್ಲಾಪಿ ಕಾಲ ಮುಗೀತು, ಇನ್ನೇನಿದ್ರೂ ಸಿ.ಡಿ., ನೂರು ವರ್ಷ ಅಲುಗಾಡಲ್ಲ ಎಂದ. ನೂರು ವರ್ಷವಂತೆ, ಅವನ ತಲೆ! ನವಿಲು ಒಂದು ದಿನವೂ ನೆಟ್ಟಗಿರಲಿಲ್ಲ.

“ಕೊಟ್ಟಿದ್ದನ್ನ ಇಟ್ಕೊಳ್ಳೋದಷ್ಟೇ ಇದರ ಕೆಲಸ ಕಣಮ್ಮ,” ಎಂದ ಓಂಕಾರಮೂರ್ತಿ. “ಮುಂದಿನ ತಿಂಗಳು ಇನ್ನೂ ದೊಡ್ಡ ಹಾರ್ಡ್ ಡಿಸ್ಕ್ ಬರ್ತದೆ...”

“ನಿಮ್ಮ ಮುಂದಿನ ತಿಂಗಳಿಗೆ ಬೆಂಕಿ ಹಾಕ! ನಂಗೆ ಸೋಮವಾರಕ್ಕೆ ಬೇಕು.”

ಸೋಮವಾರ ಮೊಳಕಾಲ್ಮೂರಿನ ನೇಕಾರರ ಸೊಸೈಟಿಯಲ್ಲಿ ಆಯ್ಕೆ. ಮನೆತನದ ಹಳೆಯ ಸೀರೆಯ ಚಿತ್ತಾರವೊಂದನ್ನು ಕಂಪ್ಯೂಟರಿನಲ್ಲಿ ತಪ್ಪಿಲ್ಲದೆ ತೋರಿಸಿದವರಿಗೆ ಕೆಲಸ. ಮದುವೆಯಾದ ಆರು ವರ್ಷದಿಂದ ಗಂಡನ ಮಗ್ಗಕ್ಕೆ ನೂಲು ಸುತ್ತುತ್ತಿದ್ದ ಶೈಲಜಾಗೆ ಆ ಕುರ್ಚಿ ಬೇಕೇ ಬೇಕಿತ್ತು. ಇಂದು ಶನಿವಾರ.

ತಪ್ಪು ತನ್ನದಲ್ಲ ಎಂಬುದು ಅವಳಿಗೆ ಖಾತ್ರಿ. ತೂತು ಹೊಡೆದ ರಟ್ಟುಗಳನ್ನು ನೋಡಿಯೇ ಮಗ್ಗ ಚಿತ್ತಾರ ನೇಯುವುದು. ಮನೆತನದ ನವಿಲು ಚಿತ್ತಾರದ ರಟ್ಟಿನ ಸರವನ್ನು ಅತ್ತೆ ಸುಲೋಚನಮ್ಮ ತಾವಾಗಿಯೇ ಕೊಟ್ಟಿದ್ದರು. ಎರಡು ಬೀದಿಯಾಚೆಯ ಶೈಲಜಾಳ ತವರಿನಲ್ಲೂ ಮಗ್ಗಗಳಿವೆ, ಅಲ್ಲಿ ಇಂಥ ನವಿಲಿಲ್ಲ. “ತಗೋ ತಾಯಿ, ನಿನ್ನ ಕೈಗಲ್ದೆ ಇನ್ಯಾರ ಕೈಗೆ ಕೊಡ್ಲಿ?” ಎಂದಿದ್ದರು ಅತ್ತೆ. ಹದಿನೈದು ದಿನ ಕಣ್ಣು ಉರಿಸಿಕೊಂಡು ಒಂದೊಂದು ತೂತನ್ನೂ ಕಂಪ್ಯೂಟರಿಗೆ ಹಾಕಿದ್ದಳು. ಮುಗಿದ ದಿನವೇ ಅತ್ತೆ ಸರವನ್ನು ವಾಪಸು ಪೆಟ್ಟಿಗೆಗೆ ಸೇರಿಸಿದ್ದರು.

ಮೊಳಕಾಲ್ಮೂರಿನ ಬಸ್ಸಿನಲ್ಲಿ ಅವಳಿಗೆ ಅಳು ಬಂತು. ಅಳುವುದಕ್ಕೂ ಸಿಟ್ಟು ಬಂತು. ಹಾಳಾಗಿ ಹೋಗಲಿ, ಎರಡು ದಿನ ನಿದ್ದೆಗೆಟ್ಟು ಕತ್ತಿನ ಭಾಗವನ್ನಷ್ಟೇ ಮತ್ತೆ ಹಾಕುತ್ತೇನೆ ಅಂದುಕೊಂಡಳು.

ಮನೆಯಲ್ಲಿ ಅತ್ತೆ ಇರಲಿಲ್ಲ, ನಾಮಕರಣಕ್ಕೆಂದು ಸಿದ್ದಾಪುರಕ್ಕೆ ಹೋಗಿದ್ದರು. ಮಾವ ಮುರುಗೇಂದ್ರಪ್ಪ ಸೊಸೆಯ ಮುಖ ನೋಡಿ ಗಾಬರಿಯಾದರು.

“ಆ ಕಂಪ್ಯೂಟರ್ ನವಿಲನ್ನ ತಿಂದು ಹಾಕೈತೆ ಮಾವ. ರಟ್ಟು ಇನ್ನೊಂದ್ಸಲ ಕೊಡಿ.”

“ಅಯ್ಯೋ, ಅದಕ್ಯಾಕೆ ಅಳ್ತೀಯವ್ವ,” ಎಂದು ಅವರೇ ಪೆಟ್ಟಿಗೆ ತೆರೆದರು.

ಸರದ ಮೇಲೆ ನಾಲ್ಕು ರಟ್ಟುಗಳ ಪುಟ್ಟ ಕಟ್ಟೊಂದು ಬೇರೆಯೇ ಇತ್ತು. ಶೈಲಜಾ ಅದನ್ನು ಎಂದೂ ಕಂಡಿರಲಿಲ್ಲ.

“ಇದೇನು ಮಾವ?”

“ಅದಾ? ಕತ್ತಿಂದು. ಹೊರಗಿನೋರಿಗೆ ಸರ ಕೊಡುವಾಗ ನಾಲ್ಕು ತೆಗೆದಿಟ್ಟು, ಮಿಕ್ಕಿದ್ದನ್ನ ಪೋಣಿಸಿ ಕೊಡೋದು ನಮ್ಮ ಮನೆ ಪದ್ಧತಿ. ಕದ್ದು ನೇಯ್ದರೂ ಕೆಡ್ಲಿ ಅಂತ.”

“ಈ ಸಲ ಯಾರಿಗೆ ಕೊಡುವಾಗ ತೆಗೆದಿದ್ದು?”

ಮುರುಗೇಂದ್ರಪ್ಪ ಏನನ್ನೂ ಯೋಚಿಸದೆ ಹೇಳಿದರು: “ನಿನಗೇ ಕಣವ್ವ.”