ಜ್ವಾಲಾಮುಖಿಗೊಂದು ಸಬ್‌ಕಾಂಟ್ರಾಕ್ಟ್

ಜ್ವಾಲಾಮುಖಿಯ ಕಡಿದಾದ ಏರನ್ನು ಸೈಕಲ್ಲಿನಲ್ಲಿ ಹತ್ತುತ್ತಲೇ ಗೋಪಿನಾಥ್ ಎರಡನೆಯ ಪರೋಟ ಹರಿದು ಕುರ್ಮಾದಲ್ಲಿ ಅದ್ದಿದ. ಕೊಲ್ಲಿ ದೇಶದ ಮುಶೈರಿಬ್ ಪೇಟೆಯ ಆ ಹೋಟೆಲಿನಲ್ಲಿ ಎ.ಸಿ. ಸೊಗಸಾಗಿತ್ತು. ಮೇಜಿನ ಮೇಲಿಟ್ಟ ಫೋನಿನಲ್ಲಿ ಅವನ ಹೆಸರಿನ ಹಸಿರು ಚುಕ್ಕೆ ಕಪ್ಪು ಲಾವಾ ಬಂಡೆಗಳ ನಡುವಿನ ನಿರ್ಜನ ರಸ್ತೆಯಲ್ಲಿ ಮೇಲೇರುತ್ತಿತ್ತು. ಚುಕ್ಕೆ ಬೆವರುವುದಿಲ್ಲ, ಅದೊಂದು ಪುಣ್ಯ.

ಫೋನ್ ಬಡಿದುಕೊಂಡಿತು. ಮೈಸೂರಿನಿಂದ ಹೆಂಡತಿ ಅಮೂಲ್ಯಾ. ಗೋಪಿನಾಥ್ ಬಾಯಲ್ಲಿದ್ದುದನ್ನು ನುಂಗಿ, ಏದುಸಿರು ಬಿಡುತ್ತಾ ಎತ್ತಿಕೊಂಡ.

“ಏರು ಜೋರಾಗಿದೆಯಾ ರೀ?”

“ಪ್ರಾಣ ಹೋಗ್ತಿದೆ ಕಣೇ!”

ಪಕ್ಕದ ಮೇಜಿನವರು ಗಾಬರಿಯಿಂದ ತಿರುಗಿದರು. ಸಪ್ಲೈಯರ್ ನೀರು ಹಿಡಿದು ಓಡಿಬಂದ.

“ಇಲ್ಲೂ ಕಾಣ್ತಿದೆ, ಚುಕ್ಕೆ ಹೋಗ್ತಿದೆ. ನಿಂತರೆ ಏನಾಗತ್ತೆ ಅಂತ ಗೊತ್ತಲ್ಲ?”

ಗೊತ್ತಿತ್ತು. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ ಎಂದು ಡಾಕ್ಟರು ಹೇಳಿದ ದಿನವೇ ಅಮೂಲ್ಯಾ ಅಲ್ ಸದ್ದ್‌ನ ಫ್ಲಾಟಿಗೆ ಕದಲದ ಸೈಕಲ್ಲೊಂದನ್ನು ತರಿಸಿದ್ದಳು. ಟಿ.ವಿ.ಯಲ್ಲಿ ರಸ್ತೆ ಮೂಡುತ್ತದೆ, ಕೂತಲ್ಲೇ ತುಳಿಯಬೇಕು. ಮೊದಲು ಜ್ವಾಲಾಮುಖಿ, ಅದನ್ನಿಳಿದರೆ ಮಳೆಕಾಡು. ಈ ಯಂತ್ರದ ಸಲಹೆ ಕೊಟ್ಟವನು ಮೈಸೂರಿನ ಬಾಮೈದ ವಿನಯ್. ಅತ್ತೆಮನೆಯ ಮಹಡಿಯಲ್ಲಿರುವ ಅವನ ಕೋಣೆಯಲ್ಲೂ ಅಂಥದ್ದೊಂದಿದೆ, ಅದರ ಮೇಲೆ ಬಟ್ಟೆ ಒಣಗುತ್ತದೆ. ಮಗಳು ಜಾಹ್ನವಿ ಅಪ್ಪನ ಹೆಸರಲ್ಲಿ ಖಾತೆ ತೆರೆದು ಪಾಸ್‌ವರ್ಡ್ ಹಾಕಿಕೊಟ್ಟಳು. ಬೇಸಿಗೆ ರಜೆಗೆ ತಾಯಿ ಮಗಳು ಊರಿಗೆ ಹೊರಟಾಗ ಅಮೂಲ್ಯಾ ಷರತ್ತು ಹಾಕಿದಳು. ತಾವು ಮರಳುವುದರೊಳಗೆ ಚುಕ್ಕೆ ಮಳೆಕಾಡು ದಾಟಬೇಕು. ದಾಟದಿದ್ದರೆ ತಾಯಿ ವಿಜಯಮ್ಮನನ್ನು ಜೊತೆಗೆ ಕರೆತರುತ್ತಾಳೆ. ಚಳಿಗಾಲ ಪೂರ್ತಿ ಅಡುಗೆ ಅವರದು.

ಅಯ್ಯಯ್ಯೋ! ಹಿಂದಿನ ಸಲ ಅತ್ತೆ ಬಂದಿದ್ದಾಗ ಮನೆಯಲ್ಲಿ ಹಾಗಲಕಾಯಿ ಬಿಟ್ಟು ಬೇರೇನೂ ಬೇಯಲಿಲ್ಲ. ಮಿಕ್ಕ ಹೊತ್ತು ಅವರು ಬಾಲ್ಕನಿಯ ಗಾಜಿನ ಹಿಂದೆ ಕೂತು ಎದುರು ಕಟ್ಟಡದ ಕಿಟಕಿಗಳನ್ನೇ ದಿಟ್ಟಿಸುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಅಳಿಯನನ್ನು ಕಾಯಲೆಂದೇ ಕೂತಿದ್ದಾರೆ ಎಂದೇ ಗೋಪಿನಾಥ್ ನಂಬಿದ್ದ.

ಮೊದಲ ದಿನ ತುಳಿದ. ಮರುದಿನ ಮಂಚದಿಂದ ಏಳಲಾಗಲಿಲ್ಲ. ಆದರೆ ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಕೂದಲು ನರೆಸಿಕೊಂಡವನಿಗೆ ಉಪಾಯಕ್ಕೇನು ಬರ? ಅಲ್ಲಿ ಒಪ್ಪಿಕೊಂಡ ಕೆಲಸವನ್ನು ಒಪ್ಪಿಕೊಂಡವನೇ ಮಾಡಿದ ಉದಾಹರಣೆ ಇರಲಿಲ್ಲ. ಆಫೀಸಿನ ಶಾಫಿಯನ್ನು ಪಕ್ಕಕ್ಕೆ ಕರೆದ. ಶಾಫಿ ಪುತ್ತೂರಿನವನು, ಅಲ್ ಅಜೀಜಿಯಾದ ಜಿಮ್ಮಿಗೆ ಹೋಗುವವನು. ಪಾಸ್‌ವರ್ಡ್ ಗೊತ್ತಿದ್ದರೆ ಯಾವ ಯಂತ್ರದ ಮೇಲೆ ಕೂತು ತುಳಿದರೂ ಖಾತೆ ಒಂದೇ. ವಾರಕ್ಕೊಂದು ಬಿರಿಯಾನಿಗೆ ಮಾತಾಯಿತು.

“ಟೆನ್ಷನ್ ಮಾಫಿ, ಬೇಡವೇ ಬೇಡ ಸಾರ್,” ಅಂದ ಶಾಫಿ. “ಬೆಟ್ಟ ನನ್ನ ಮೇಲೆ ಬಿಡಿ, ಖಲಾಸ್.”

ಅಂದಿನಿಂದ ಚುಕ್ಕೆ ಓಡತೊಡಗಿತು. ಸಂಜೆಯಾದರೆ ಸಾಕು, ಹೊರಡುತ್ತಿತ್ತು. ನಡುವೆ ಒಂದು ದಿನ ಅಲ್ಲಾಡದೆ ನಿಂತಾಗ ಗೋಪಿನಾಥನ ಜೀವ ಬಾಯಿಗೆ ಬಂತು.

“ನಿನ್ನೆ ಏನಾಯ್ತೋ?”

ಶಾಫಿ ಪ್ರಿಂಟರಿನ ಕಡೆ ನೋಡಿದ. “ನಿನ್ನೆಯಾ... ಸ್ವಲ್ಪ ಸುಸ್ತು ಸಾರ್.”

ಅಂದು ಸಂಜೆ ಅಮೂಲ್ಯಾಳೂ ಹಿಡಿದಳು. “ನಿನ್ನೆ ಯಾಕ್ರೀ ತುಳೀಲಿಲ್ಲ?”

“ಕಾಲು ಹಿಡಿದಿತ್ತು ಕಣೇ.”

“ಎಲ್ಲರದೂ ಒಂದೇ ಕತೆ. ನಿನ್ನೆ ಅಮ್ಮಂಗೆ ಏಕಾದಶಿ ಉಪವಾಸ, ಮಲಗೇ ಇದ್ರು. ಜಾಹ್ನವಿಗೆ ಶ್ಲೋಕದ ಪಾಠನೂ ಇಲ್ಲ. ದಿನಾ ಸಂಜೆ ಅಜ್ಜಿ ಮೊಮ್ಮಗಳು ಮಹಡಿ ಹತ್ತಿ ಬಾಗಿಲು ಹಾಕ್ಕೊಂಡ್ರೆ ಒಂದು ಗಂಟೆ ಹೊರಗೇ ಬರಲ್ಲ. ಎಷ್ಟು ಶ್ರದ್ಧೆ ಗೊತ್ತಾ! ನೀವೂ ಇದೀರ.”

ಗೋಪಿನಾಥ್ ಬೈಸಿಕೊಂಡು ಪಾಯಸಕ್ಕೆ ಹೇಳಿದ.

ರಜೆ ಮುಗಿಯುವ ವಾರ ಚುಕ್ಕೆ ಮಳೆಕಾಡನ್ನು ಹೊಕ್ಕು, ಜರಿಗಿಡಗಳ ನಡುವಿನ ಸಣ್ಣ ರಸ್ತೆಯಲ್ಲಿ ಸಾಗಿ ಕೊನೆ ಮುಟ್ಟಿತು. ಪರದೆಯ ತುಂಬ ಹೂಮಳೆ. ಅಮೂಲ್ಯಾ ಫೋನಿನಲ್ಲಿ ಬಿಕ್ಕಿದಳು. “ನಿಮ್ಮ ಮೇಲೆ ಅನುಮಾನ ಪಟ್ಟಿದ್ದೆ ಕಣ್ರೀ, ಕ್ಷಮಿಸಿ. ಅಮ್ಮನ ಟಿಕೆಟ್ ಬೇಡ ಅಂತ ಹೇಳಿಬಿಟ್ಟೆ.”

ಗೋಪಿನಾಥನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಎರಡು ಬಿರಿಯಾನಿ ಕಟ್ಟಿಸಿಕೊಂಡು ಶಾಫಿಯ ಮೇಜಿನ ಮೇಲೆ ಇಟ್ಟ. “ಗೆದ್ದುಬಿಟ್ಟೆ ಕಣೋ! ನಿನ್ನ ಕಾಲಿಗೆ ದೊಡ್ಡ ನಮಸ್ಕಾರ.”

ಶಾಫಿ ಪೊಟ್ಟಣ ಮುಟ್ಟಲಿಲ್ಲ. ಮುಖ ಸಪ್ಪಗಾಯಿತು.

“ಸುಳ್ಳು ಯಾಕೆ ಸಾರ್, ನನ್ನ ಕಾಲಲ್ಲ. ನಾನದನ್ನು ಲಿಯೋಗೆ ಕೊಟ್ಟಿದ್ದೆ. ಅರ್ಧ ಬಿರಿಯಾನಿಗೆ.”

ಪಕ್ಕದ ಮೇಜಿನ ಲಿಯೋ ತಲೆ ತಗ್ಗಿಸಿದ. “ನಾನು ಸ್ಟೋರಿನ ಹಂಝನಿಗೆ ಕೊಟ್ಟೆ ಸಾರ್. ಕಾಲು ಬಿರಿಯಾನಿಗೆ.”

ಹಂಝನನ್ನು ಕರೆಸಿದರು. ಅವನು ಕಣ್ಣರಳಿಸಿ ನಿಂತ. “ಎಂಥ ಸಾರ್, ನಾನೊಂದು ದಿನವೂ ತುಳೀಲಿಲ್ಲ. ನಾಳೆ ಶುರು ಮಾಡುವ ಅಂತ ನೋಡಿದ್ರೆ ಚುಕ್ಕೆ ಆಗಲೇ ಓಡ್ತಾ ಉಂಟು. ಲಿಯೋವೇ ತುಳೀತಿದ್ದಾನೆ ಅಂದ್ಕೊಂಡೆ ಮಾರಾಯ್ರೆ!”

“ನಾನು ನೀನು ಅಂದ್ಕೊಂಡೆ,” ಅಂದ ಲಿಯೋ. ಶಾಫಿ ಕಿವಿ ಕೆರೆದುಕೊಂಡ. ಪ್ರೋಗ್ರೆಸ್ ಸರಿಯಿದ್ದ ಮೇಲೆ ಸೈಟಿಗೆ ಹೋಗಿ ನೋಡುವ ಪದ್ಧತಿ ಅವರ ಕಂಪನಿಯಲ್ಲಿ ಯಾರಿಗೂ ಇರಲಿಲ್ಲ.

ಗೋಪಿನಾಥ್ ಕುರ್ಚಿ ಎಳೆದು ಕೂತ. ಹಾಗಾದರೆ ಇಡೀ ಬೇಸಿಗೆ ಆ ಬೆಟ್ಟ ಹತ್ತಿದ್ದು ಯಾರು? ಅವರು ನಾಳೆ ಅಮೂಲ್ಯಾಳ ಮುಂದೆ ಬಾಯಿಬಿಟ್ಟರೆ? ಹಾಗಲಕಾಯಿ ಕಣ್ಣ ಮುಂದೆ ಕುಣಿಯಿತು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಮಗಳ ನಂಬರು. ಆದರೆ ಧ್ವನಿ ವಿಜಯಮ್ಮನದು. ಅವರು ಅಳಿಯನಿಗೆ ತಾವಾಗಿ ಫೋನ್ ಮಾಡಿದ್ದು ಇದೇ ಮೊದಲು.

“ಅಳಿಯಂದ್ರೇ, ನನ್ನ ಟಿಕೆಟ್ ಬೇಡ ಅಂದಿದ್ದು ನಿಜ ತಾನೇ? ಇನ್ನು ಬದಲಾಗಲ್ಲ ತಾನೇ?”

“ಇ... ಇಲ್ಲ ಅತ್ತೆ.”

“ಅಬ್ಬಾ, ಬದುಕಿದೆ!” ಅಂದರು ವಿಜಯಮ್ಮ. “ನಿಮ್ಮನ್ನ ನಂಬಿ ಕೂತಿದ್ರೆ ಈ ಚಳಿಗಾಲವೂ ಆ ಬಾಲ್ಕನಿಯಲ್ಲೇ ಕೊಳೀಬೇಕಾಗ್ತಿತ್ತು, ಅದಕ್ಕೇ ಜಾಹ್ನವಿ ಹತ್ರ ಪಾಸ್‌ವರ್ಡ್ ಇಸ್ಕೊಂಡು ಬೆಟ್ಟ, ಕಾಡು ಎಲ್ಲಾ ನಾನೇ ತುಳಿದುಬಿಟ್ಟೆ.”